ಗಜನಿ ಗೇಟಿಗೆ ಸಿಕ್ಕಿದ ಪ್ಲಾಸ್ಟಿಕ್: ಹಳ್ಳಕ್ಕೆ ಬಲೆ ಕಟ್ಟಿದವರು ಯಾರಾದರೂ ಇದ್ದೀರಾ?

ಗಜನಿ ಬದಿ, ಕುಮಟಾ (ಏಪ್ರಿಲ್ 12)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಅಘನಾಶಿನಿ ಹಿನ್ನೀರಿನ ಬದಿಯ ಗಜನಿ ಗದ್ದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗಜನಿ ಅಂದರೆ ಭರತದ ನೀರು ಏರುವ ತಗ್ಗಿನ ಗದ್ದೆ. ಸುತ್ತ ಕಟ್ಟೆ ಇರುತ್ತದೆ, ಕಟ್ಟೆಗೆ ಜಂತ್ರಡಿ ಇರುತ್ತದೆ, ಅಂದರೆ ಹಲಗೆಯ ಗೇಟು. ಮಳೆಗಾಲದಲ್ಲಿ ಭರತಕ್ಕೆ ಗೇಟು ಹಾಕಬೇಕು, ಇಳಿತಕ್ಕೆ ತೆಗೆದು ಒಳಗಿನ ಮಳೆ ನೀರು ಬಿಡಬೇಕು. ಒಳಗೆ ಕಗ್ಗ ಬಿತ್ತುತ್ತೇವೆ. ಕಗ್ಗ ಉಪ್ಪು ತಡೆಯುವ ಭತ್ತ, ನಿಜ. ಆದರೆ ಎಳೆ ಸಸಿಯನ್ನು ದಿನಗಟ್ಟಲೆ ಉಪ್ಪು ನೀರಲ್ಲಿ ನಿಲ್ಲಿಸಿದರೆ ಅದೂ ಎಷ್ಟು ಅಂತ ತಡೆದೀತು?

ಹೋದ ಜೂನ್‌ನಲ್ಲಿ ಅಮಾವಾಸ್ಯೆಯ ಭರತ. ರಾತ್ರಿ ಹತ್ತೂವರೆಗೆ ಗೇಟು ಇಳಿಸಲು ಹೋದರೆ ಹಲಗೆ ಕೊನೆಯ ನಾಲ್ಕು ಬೆರಳು ಇಳಿಯುತ್ತಲೇ ಇಲ್ಲ. ಮೇಲೆ ನಿಂತು ತುಳಿದೆ, ಆಗಲಿಲ್ಲ. ಆಚೆಯಿಂದ ನೀರು ಏರುತ್ತಿದೆ. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ನೀರಿಗೆ ಇಳಿದು ಕೈ ಹಾಕಿದೆ. ಮೊದಲು ಬಂದದ್ದು ಗೊಬ್ಬರದ ಚೀಲ. ಅದಕ್ಕೆ ಸುತ್ತಿಕೊಂಡು ಒಂದು ಮಾರು ಡ್ರಿಪ್ ಪೈಪು. ಚಪ್ಪಲಿಯ ಅಟ್ಟೆ. ಅರ್ಧ ಲೀಟರ್ ಬಾಟಲಿಗಳು, ಎಣಿಸಲಿಲ್ಲ. ಎಲ್ಲದರ ಅಡಿಯಲ್ಲಿ, ಹಲಗೆಯ ಸಂದಿಗೆ ಬತ್ತಿಯ ಹಾಗೆ ಹೊಸೆದುಕೊಂಡು ಕೂತಿತ್ತು ತೆಳುವಾದ ಬಿಳಿ ಪ್ಲಾಸ್ಟಿಕ್. ಅದನ್ನು ಕತ್ತಿಯಿಂದ ಕುಯ್ದು ತೆಗೆಯಬೇಕಾಯಿತು. ಅಷ್ಟರಲ್ಲಿ ಕೆಳಗಿನ ಮೂರು ಗದ್ದೆಗೆ ಉಪ್ಪು ನೀರು ನುಗ್ಗಿ ಆಗಿತ್ತು.

ಬೆಳಿಗ್ಗೆ ನೋಡಿದರೆ ಆ ಬಿಳಿಯದು ಅಡಿಕೆ ಕೊನೆಗೆ, ಅಂದರೆ ಗೊನೆಗೆ, ಕಟ್ಟುವ ಕೊಟ್ಟೆ. ನಮ್ಮೂರಲ್ಲಿ ಅಡಿಕೆ ತೋಟ ಒಂದೂ ಇಲ್ಲ!

ಬೀಚಲ್ಲಿ ವರ್ಷಕ್ಕೊಮ್ಮೆ ಟೀ ಶರ್ಟ್ ಹಾಕಿಕೊಂಡು ಕಸ ಹೆಕ್ಕಿ ಫೋಟೋ ತೆಗೆಯುತ್ತಾರೆ. ಬೇಡ ಅನ್ನುವುದಿಲ್ಲ, ನಾನೂ ಹೋಗಿದ್ದೇನೆ, ಇಡ್ಲಿ ಚೆನ್ನಾಗಿತ್ತು. ಆದರೆ ಸಮುದ್ರ ಮುಟ್ಟುವ ಹೊತ್ತಿಗೆ ಅದು ನಮ್ಮ ಗದ್ದೆ ಹಾಳು ಮಾಡಿ ಆಗಿರುತ್ತದೆ. ಮೇಲೆಯೇ ತಡೆಯಬೇಕು ಅಂತ ನನ್ನ ತಲೆಗೆ ಹೊಕ್ಕಿದೆ. ನಮ್ಮ ಗಜನಿಗೆ ಬರುವ ಹಳ್ಳಕ್ಕೆ ಮಳೆ ಶುರುವಾಗುವ ಮೊದಲು ಅಡ್ಡ ಬಲೆ ಕಟ್ಟೋಣ ಅಂತಿದ್ದೇನೆ. ಯಾರಾದರೂ ಮಾಡಿದ್ದೀರಾ? ಬಲೆ ನಿಲ್ಲುತ್ತದಾ?

ತೋಟದ ತುದಿ, ಶಿರಸಿ (ಏಪ್ರಿಲ್ 12)

ಆ ಕೊಟ್ಟೆ ನಮ್ಮದೇ ಇದ್ದರೂ ಇರಬಹುದು ಮಾರಾಯ್ರೇ. ತಮಾಷೆಗೆ ಹೇಳುತ್ತಿಲ್ಲ. ಶಿರಸಿ ಬದಿಯ ಹಳ್ಳ ಎಲ್ಲ ಕೂಡಿಯೇ ಅಘನಾಶಿನಿ ಆಗುವುದು. ನಡುವೆ ಒಂದು ಅಣೆಕಟ್ಟೂ ಇಲ್ಲ. ಅದು ನಮ್ಮ ಹೆಮ್ಮೆ, ಕಸಕ್ಕೂ ಅದೇ ಅನುಕೂಲ.

ಕೊಟ್ಟೆ ಕಥೆ ಹೇಳುತ್ತೇನೆ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣದ ದ್ರಾವಣ, ಹೊಡೆಯುತ್ತೇವೆ. ಹೊಡೆದದ್ದು ಮಳೆಗೆ ತೊಳೆದು ಹೋದರೆ ಮತ್ತೆ ಹೊಡೆಯಬೇಕು, ಮರ ಹತ್ತುವವರು ಸಿಗಬೇಕು. ಅದಕ್ಕೆ ಕೊನೆಗೇ ಕೊಟ್ಟೆ ಕಟ್ಟಿಬಿಡುವುದು. ಅಪ್ಪನ ಕಾಲದಲ್ಲಿ ಕರಡದ, ಅಂದರೆ ಬೆಟ್ಟದ ಒಣ ಹುಲ್ಲಿನ ಕೊಟ್ಟೆ. ಬೆಟ್ಟದಿಂದ ಕರಡ ತಂದು ಜಗುಲಿಯಲ್ಲಿ ಕೂತು ಹೆಣೆಯುತ್ತಿದ್ದರು. ಉದುರಿದರೆ ಮರದ ಬುಡಕ್ಕೆ ಗೊಬ್ಬರ. ಈಗ ಪ್ಲಾಸ್ಟಿಕ್. ನಮ್ಮದು ಎಂಟುನೂರು ಮರ, ಮರಕ್ಕೆ ಎರಡು ಕೊನೆ ಹಿಡಿದರೂ ಸಾವಿರದ ಆರುನೂರು ಕೊಟ್ಟೆ. ಕೊಯ್ಲಿಗೆ ಬಂದ ಕೊನೆಗೌಡ ಅದನ್ನು ಹರಿದು ಕೆಳಗೆ ಬಿಡುತ್ತಾನೆ. ಅವನ ತಪ್ಪಲ್ಲ, ಅವನಿಗೆ ನಾವು ಕೊಡುವ ಸಂಬಳ ಕೊನೆ ಇಳಿಸಲಿಕ್ಕೆ. ಹೆಕ್ಕುವವರು ಯಾರು? ಯಾರೂ ಇಲ್ಲ.

ಮೂರು ವರ್ಷದ ಹಿಂದೆ ನಮ್ಮ ತೋಟದ ಕೆಳ ಮೂಲೆಯ ಏಳು ಮರ ಹಳದಿ ಆದವು. ಸುಣ್ಣ ಹಾಕಿದೆ, ಗೊಬ್ಬರ ಹಾಕಿದೆ, ಒಬ್ಬರು ವಾಸ್ತು ಸಹ ಹೇಳಿದರು. ಕೊನೆಗೆ ಬಸಿಗಾಲುವೆ ಹೂಳು ತೆಗೆಸಿದೆ. ಗುದ್ದಲಿ ಹಾಕಿದರೆ ಇಳಿಯುತ್ತಿಲ್ಲ, ಜಗಿಯುತ್ತದೆ. ಒಂದು ಪದರ ಮಣ್ಣು, ಒಂದು ಪದರ ಪ್ಲಾಸ್ಟಿಕ್, ಮತ್ತೆ ಮಣ್ಣು. ಒಂದು ಹಾಲಿನ ಪ್ಯಾಕೆಟ್ ಒಳಗೆ ಅಡಿಕೆ ಬೇರು ಹೊಕ್ಕಿ, ಹೊರಗೆ ಬರಲು ದಾರಿ ಸಿಗದೆ ಅಲ್ಲೇ ಸುತ್ತು ಹಾಕಿ ಮುದ್ದೆಯಾಗಿತ್ತು. ಪ್ಯಾಕೆಟ್ ಮೇಲಿನ ಅಕ್ಷರ ಮಾತ್ರ ಇನ್ನೂ ಓದಲಿಕ್ಕೆ ಬರುತ್ತಿತ್ತು. ನೀರು ಬಸಿಯದೆ ಬೇರು ಕೊಳೆತದ್ದು, ರೋಗ ಅಲ್ಲ. ಎರಡು ಮರ ಸತ್ತವು, ಉಳಿದ ಐದು ಚೇತರಿಸಿಕೊಂಡವು.

ಹಾಗಾಗಿ ನಿಮ್ಮ ಗದ್ದೆ ಒಂದೇ ಅಲ್ಲ. ಕೆಳಗೆ ಹೋಗುವ ಮೊದಲು ಅದು ನಮ್ಮ ತೋಟವನ್ನೂ ತಿಂದೇ ಹೋಗುವುದು.

ಒಲೆ ಬುಡ (ಏಪ್ರಿಲ್ 13)

ನಾವು ಹಳ್ಳಕ್ಕೆ ಹಾಕುವುದೇ ಇಲ್ಲ. ಎಲ್ಲ ಬಚ್ಚಲ ಒಲೆಗೆ. ನೀರೂ ಕಾಯುತ್ತದೆ, ಕಸವೂ ಮುಗಿಯುತ್ತದೆ. ಸುಮ್ನೆ ದೊಡ್ಡ ಚರ್ಚೆ ಯಾಕೆ?

ಕಸದ ಗಾಡಿ ಅಕ್ಕ, ಅಂಕೋಲಾ (ಏಪ್ರಿಲ್ 13)

ಒಲೆ ಬುಡದವರೇ, ಆ ಬೂದಿ ಎಲ್ಲಿ ಹಾಕುತ್ತೀರಿ? ಗೊಬ್ಬರ ಗುಂಡಿಗೆ, ಅಲ್ವಾ? ಅಲ್ಲಿಂದ ತೆಂಗಿನ ಬುಡಕ್ಕೆ, ಬಸಳೆ ಚಪ್ಪರಕ್ಕೆ. ಪಿವಿಸಿ ಪೈಪಿನ ತುಂಡು ಸುಟ್ಟರೆ ಡಯಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ, ಅದು ಬೂದಿಯಲ್ಲೂ ಇರುತ್ತದೆ, ಹೊಗೆಯಲ್ಲೂ ಇರುತ್ತದೆ. ಹೊಗೆ ಕುಡಿಯುವವರು ಯಾರು? ಒಲೆ ಮುಂದೆ ಕೂತ ಅತ್ತೆ, ಮೀಯಲು ಕೂತ ಮಗು.

ಆದರೆ ನಿಮ್ಮನ್ನು ಬೈಯುವುದಿಲ್ಲ. ನಾನು ಸಂಘದ ಕಡೆಯಿಂದ ಕಸದ ಗಾಡಿ ಓಡಿಸುತ್ತೇನೆ, ಡಾಂಬರು ರಸ್ತೆ ಮುಗಿದಲ್ಲಿ ನನ್ನ ಗಾಡಿಯೂ ಮುಗಿಯುತ್ತದೆ. ಒಳಗಿನ ಮನೆಗೆ ಎರಡು ಕಿಲೋಮೀಟರ್ ಮಣ್ಣು ದಾರಿ. ಅವರು ಮೂಟೆ ಹೊತ್ತು ರಸ್ತೆಗೆ ಬರಬೇಕಾ? ಬರುವುದಿಲ್ಲ. ಹಳ್ಳ ಹಿತ್ತಿಲಲ್ಲೇ ಇದೆ.

ಬಲೆ ಕಟ್ಟುವವರಿಗೆ ನನ್ನದೊಂದು ಪ್ರಶ್ನೆ. ಬಲೆಗೆ ಬಿದ್ದದ್ದನ್ನು ಏನು ಮಾಡುತ್ತೀರಿ? ಮಣ್ಣು ಮೆತ್ತಿದ ಒದ್ದೆ ಪ್ಲಾಸ್ಟಿಕ್ ಗುಜರಿಯವರು ಮುಟ್ಟುವುದಿಲ್ಲ, ನಮ್ಮ ಘಟಕದಲ್ಲೂ ಇಳಿಸಿಕೊಳ್ಳುವುದಿಲ್ಲ. ದಂಡೆಯಲ್ಲಿ ಗುಡ್ಡೆ ಹಾಕಿ ಬಿಟ್ಟರೆ ಮುಂದಿನ ಮಳೆಗೆ ಅದೇ ಹಳ್ಳ.

ಬೈತಖೋಲ್ ಬೋಟು, ಕಾರವಾರ (ಏಪ್ರಿಲ್ 14)

ನಮ್ಮ ಕಡೆಯದು ಕೇಳಿ. ಟ್ರಾಲ್ ಬಲೆ ಎತ್ತಿ ಡೆಕ್ಕಿಗೆ ಸುರಿದರೆ ಮೀನಿನ ಜೊತೆ ಕವರು, ಬಾಟಲಿ, ಹಗ್ಗ, ಬೇರೆಯವರು ಕಡಿದು ಬಿಟ್ಟ ಬಲೆ, ಎಲ್ಲ ಬರುತ್ತದೆ. ಮಳೆಗಾಲ ಮುಗಿದು ಆಗಸ್ಟಲ್ಲಿ ಹೊರಟಾಗ ಜಾಸ್ತಿ. ಜೂನ್ 1ರಿಂದ ಜುಲೈ 31ರ ತನಕ, 61 ದಿನ ಬೋಟು ನಿಂತಿರುತ್ತದೆ. ಅಷ್ಟೂ ದಿನ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲ ತಂದು ಸುರಿದದ್ದು ನಮಗೆ ಕಾದು ಕೂತಿರುತ್ತದೆ.

ಹೆಕ್ಕಿ ಮೀನು ಬೇರೆ ಮಾಡಿ ಕಸ ವಾಪಸ್ ಸಮುದ್ರಕ್ಕೆ ಎಸೆಯುತ್ತೇವೆ. ಹೌದು, ಎಸೆಯುತ್ತೇವೆ. ಬಂದರಿಗೆ ತಂದರೆ ಇಡಲು ಜಾಗ ಇಲ್ಲ, ತಂದವನಿಗೇ ಬೈಗುಳ. ಕೇರಳದ ಕೊಲ್ಲಂ ಹತ್ತಿರ ನೀಂಡಕರ ಬಂದರಿನಲ್ಲಿ 2017ರಲ್ಲಿ ಶುಚಿತ್ವ ಸಾಗರಂ ಅಂತ ಶುರು ಮಾಡಿದರು. ಬೋಟಿನವರಿಗೆ ಚೀಲ ಕೊಡುವುದು, ಬಲೆಗೆ ಬಂದ ಪ್ಲಾಸ್ಟಿಕ್ ಅದರಲ್ಲಿ ತುಂಬಿ ತರುವುದು, ಬಂದರಲ್ಲಿ ಹೆಂಗಸರು ತೊಳೆದು ಬೇರೆ ಮಾಡಿ ಪುಡಿ ಮಾಡುವುದು, ಪುಡಿ ರಸ್ತೆ ಡಾಂಬರಿಗೆ. ಅಲ್ಲಿ ಆದದ್ದು ಇಲ್ಲಿ ಆಗಬಾರದು ಅಂತೇನೂ ಇಲ್ಲ. ಯಾರಾದರೂ ಚೀಲ ಕೊಟ್ಟು ಜಾಗ ತೋರಿಸಬೇಕು ಅಷ್ಟೇ.

ನಮ್ಮ ತಪ್ಪೂ ಇದೆ. ಮೀನಿನ ಥರ್ಮಕೋಲ್ ಪೆಟ್ಟಿಗೆ ಒಡೆದರೆ ಕಾಳು ಕಾಳಾಗಿ ಹಾರುತ್ತದೆ, ಅದನ್ನು ಹೆಕ್ಕಲು ದೇವರಿಗೂ ಆಗುವುದಿಲ್ಲ. ಹರಿದ ಬಲೆ ತುಂಡನ್ನೂ ನೀರಿಗೇ ಬಿಡುವವರಿದ್ದಾರೆ. ಮಾಜಾಳಿಯಲ್ಲಿ ನಾನೇ ಒಂದು ಕಡಲಾಮೆಯ ಕುತ್ತಿಗೆಯಿಂದ ಹಸಿರು ಬಲೆ ಬಿಡಿಸಿದ್ದೇನೆ. ಮುಂಗಾಲಿಗೆ ಬಲೆಯ ದಾರ ಎಲುಬಿನ ತನಕ ಇಳಿದಿತ್ತು. ಬಿಡಿಸುವಾಗ ಅದು ಉಸಿರು ಬಿಟ್ಟ ಸದ್ದು ಮನುಷ್ಯರ ಹಾಗೇ ಇತ್ತು. ಮೊಟ್ಟೆ ಇಡಲು ಬರುವ ಹೊತ್ತು ಅದು, ಜನವರಿ.

ಗಜನಿಯವರೇ, ಬಲೆ ದುಡ್ಡು ಕೊಟ್ಟು ತರಬೇಡಿ. ಹಳೆ ಬಲೆ ತುಂಡು ನನ್ನ ಹತ್ತಿರ ರಾಶಿ ಇದೆ. ನೈಲಾನಿನದು ಬೇಡ, ಅದು ಮುಳುಗುತ್ತದೆ. ಎಚ್‌ಡಿಪಿಇ ಅನ್ನುವ ಹಗುರ ಪ್ಲಾಸ್ಟಿಕ್ಕಿನ ಬಲೆ ತೇಲುತ್ತದೆ, ಅದು ಕೊಡುತ್ತೇನೆ.

ಊರು ಬಿಟ್ಟವ, ಬೆಂಗಳೂರು (ಏಪ್ರಿಲ್ 14)

ಒಳ್ಳೆ ವಿಷಯ. ಅಮೆರಿಕದ ಬಾಲ್ಟಿಮೋರ್ ಬಂದರಿನಲ್ಲಿ 2014ರಿಂದ ಒಂದು ಕಸದ ಚಕ್ರ ಇದೆ. ಹೊಳೆ ಹರಿವಿಗೆ ಮತ್ತು ಸೋಲಾರಿಗೆ ತಿರುಗುತ್ತದೆ, ಕಸ ತಾನೇ ಎತ್ತಿ ತೊಟ್ಟಿಗೆ ಹಾಕುತ್ತದೆ. ಚೆನ್ನೈನ ಕೂವಂ ನದಿಯಲ್ಲೂ ತೇಲುವ ತಡೆ ಹಾಕಿದ್ದರು. ಇನ್ನೊಂದು ಮಾತು. ಜಗತ್ತಿನ ಹತ್ತು ದೊಡ್ಡ ನದಿ ಹಿಡಿದರೆ ನದಿಯಿಂದ ಬರುವ ಪ್ಲಾಸ್ಟಿಕ್ ಬಹುತೇಕ ನಿಂತ ಹಾಗೆ ಅಂತ 2017ರಲ್ಲಿ ಒಂದು ಅಧ್ಯಯನ ಹೇಳಿತ್ತು. 2021ರಲ್ಲಿ ಬಂದ ಇನ್ನೊಂದು ಲೆಕ್ಕ ಅದನ್ನು ತಿರುಗಿಸಿ ಹಾಕಿತು. ಸಾವಿರಕ್ಕೂ ಹೆಚ್ಚು ನದಿ ಸೇರಿದರೆ ಶೇ. 80 ಆಗುತ್ತದೆ, ಅದರಲ್ಲಿ ಪೇಟೆಯ ಪಕ್ಕ ಹರಿಯುವ ಸಣ್ಣ ನದಿಗಳದ್ದೇ ದೊಡ್ಡ ಪಾಲು ಅಂತ. ಅಂದರೆ ನಮ್ಮ ಹಳ್ಳವೂ ಲೆಕ್ಕಕ್ಕೆ ಇದೆ. ಪಂಚಾಯ್ತಿಗೆ ಬರೆದು ಅಂಥ ಯಂತ್ರ ಒಂದು ತರಿಸಬಾರದಾ?

ಹಳ್ಳದ ಹಿರಿಯ, ಸಿದ್ದಾಪುರ (ಏಪ್ರಿಲ್ 15)

ತಮಾ, ನಮ್ಮ ಹಳ್ಳ ಬೇಸಿಗೆಯಲ್ಲಿ ದಾಟಿದರೆ ಪಂಚೆ ಒದ್ದೆ ಆಗುವುದಿಲ್ಲ, ಜುಲೈಯಲ್ಲಿ ದಾಟಿದರೆ ಪಂಚೆ ಮಾತ್ರ ಸಿಗುತ್ತದೆ. ಅಲ್ಲಿ ನಿನ್ನ ಚಕ್ರ ಕೂರಿಸಿದರೆ ಅದು ಗಜನಿಯವರ ಗೇಟಿಗೇ ಹೋಗಿ ಸಿಕ್ಕಿಕೊಳ್ಳುವುದು.

ಬಲೆ ಸರಿ. ಆದರೆ ಕೆಲವು ವಿಷಯ ತಲೆಯಲ್ಲಿ ಇರಲಿ. ಮೊದಲ ಜೋರು ಮಳೆಗೆ ಹತ್ತುಮೀನು ಏರುತ್ತದೆ. ಕೆಳಗಿನಿಂದ ಹಳ್ಳ ಹಿಡಿದು, ಗದ್ದೆ ಬಯಲಿಗೆ, ಮೊಟ್ಟೆ ಇಡಲು. ಬಲೆ ತಳದ ತನಕ ಬಿಟ್ಟರೆ ಮೀನು ಅಡ್ಡಗಟ್ಟಿದ ಹಾಗೆ. ಆಮೇಲೆ ಪ್ಲಾಸ್ಟಿಕ್ ತೆಗೆಯಲು ಬಂದವರು ಮೀನು ಹಿಡಿದುಕೊಂಡು ಹೋಗುತ್ತಾರೆ, ನಿಮ್ಮ ಉದ್ದೇಶವೂ ಹೋಯಿತು. ಬಲೆ ಮೇಲಿನ ಒಂದು ಅಡಿ ಮಾತ್ರ ಇರಲಿ. ಕವರು, ಕೊಟ್ಟೆ, ಮುಚ್ಚಳ ಹಾಕಿದ ಬಾಟಲಿ ಎಲ್ಲ ಮೇಲೇ ತೇಲುತ್ತವೆ. ಮುಚ್ಚಳ ಇಲ್ಲದ ಬಾಟಲಿ ನೀರು ತುಂಬಿ ಮುಳುಗುತ್ತದೆ, ಅದು ತಪ್ಪಿಸಿಕೊಳ್ಳುತ್ತದೆ. ತಪ್ಪಿಸಿಕೊಳ್ಳಲಿ, ಎಲ್ಲ ಹಿಡಿಯುತ್ತೇನೆ ಅಂತ ಹೊರಟರೆ ಒಂದೂ ಸಿಗುವುದಿಲ್ಲ.

ನೇರ ಅಡ್ಡ ಕಟ್ಟಬೇಡಿ. ಓರೆಯಾಗಿ ಕಟ್ಟಿ. ಒಂದು ತುದಿ ಮೇಲೆ, ಇನ್ನೊಂದು ತುದಿ ಇಪ್ಪತ್ತು ಮಾರು ಕೆಳಗೆ. ಆಗ ಕಸ ಬಲೆಗುಂಟ ಜಾರಿ ಒಂದೇ ದಡಕ್ಕೆ ಬರುತ್ತದೆ, ದೋಟಿಯಲ್ಲಿ ಎಳೆದು ಹೆಡಿಗೆಗೆ ಹಾಕಬಹುದು, ನೀರಿಗೆ ಇಳಿಯುವುದೇ ಬೇಡ. ಮತ್ತೆ, ಮೇಲಿನ ತುದಿ ಗಟ್ಟಿ ಗಂಟು, ಕೆಳಗಿನ ತುದಿ ಸಡಿಲ ಗಂಟು. ಮರದ ದಿಮ್ಮಿ ಬಂದು ಹೊಡೆದರೆ ಕೆಳಗಿನ ಗಂಟು ಬಿಚ್ಚಿ ಬಲೆ ಮೇಲಿನ ದಡಕ್ಕೆ ಅಂಟಿ ನಿಲ್ಲಬೇಕು. ಎರಡೂ ಗಟ್ಟಿ ಕಟ್ಟಿದರೆ ಬಲೆಯೇ ಸಮುದ್ರಕ್ಕೆ ಹೋಗಿ ಇನ್ನೊಂದು ಆಮೆಯ ಕುತ್ತಿಗೆಗೆ ಬೀಳುತ್ತದೆ.

ಊರು ಬಿಟ್ಟವ, ಬೆಂಗಳೂರು (ಏಪ್ರಿಲ್ 15)

ಪಂಚೆ ಮಾತಿಗೆ ನಗು ತಡೆಯಲಾಗಲಿಲ್ಲ ಅಜ್ಜ. ಯಂತ್ರದ ಮಾತು ವಾಪಸ್ ತೆಗೆದುಕೊಂಡೆ. ಆದರೆ ಇಷ್ಟೆಲ್ಲ ಪ್ಲಾಸ್ಟಿಕ್ ನಿಷೇಧ ಆಗಿದೆಯಲ್ಲ, ಹಳ್ಳಕ್ಕೆ ಬರುವುದು ಎಲ್ಲಿಂದ?

ತೋಟದ ತುದಿ, ಶಿರಸಿ (ಏಪ್ರಿಲ್ 15)

ನಿಷೇಧ ಆಗಿದೆ, ಹೌದು. ಕರ್ನಾಟಕ 2016ರಲ್ಲೇ ಕೈಚೀಲ, ಫ್ಲೆಕ್ಸು, ತಟ್ಟೆ ಲೋಟ ಎಲ್ಲ ನಿಲ್ಲಿಸಿತು. 2022ರ ಜುಲೈ 1ರಿಂದ ದೇಶಕ್ಕೇ ಒಂದು ಪಟ್ಟಿ ಬಂತು. ಆದರೆ ಆ ಪಟ್ಟಿಯಲ್ಲಿ ಚಿಪ್ಸ್ ಪ್ಯಾಕೆಟ್ ಇಲ್ಲ, ಶಾಂಪೂ ಚೀಟಿ ಇಲ್ಲ, ನಮ್ಮ ಕೊಟ್ಟೆಯೂ ಇಲ್ಲ. ಗುಟ್ಕಾ, ಪಾನ್ ಮಸಾಲೆಯನ್ನು ಪ್ಲಾಸ್ಟಿಕ್ ಚೀಟಿಯಲ್ಲಿ ಮಾರಬಾರದು ಅಂತ ನಿಯಮ ಇದೆ, ಯಾವುದೇ ಬಸ್ ಸ್ಟ್ಯಾಂಡಿನ ಗಟಾರ ನೋಡಿ, ನಿಯಮ ತೇಲುತ್ತಿರುತ್ತದೆ. (ಅಡಿಕೆ ಬೆಳೆಯುವವ ಇದನ್ನು ಹೇಳುವುದು ವಿಚಿತ್ರವೇ. ನಮ್ಮ ಬೆಳೆ ಹೋಗುವುದೂ ಅದೇ ಚೀಟಿಗೆ.)

ಬಳಚು ಬುಟ್ಟಿ, ಕುಮಟಾ (ಏಪ್ರಿಲ್ 16)

ನಾವು ಹೊಳೆಯಲ್ಲಿ ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುವವರು. ಇಳಿತದಲ್ಲಿ ಸೊಂಟದ ತನಕ ನೀರಲ್ಲಿ ಕೂತು ಕೈಯಿಂದ ತಡಕುವುದು. ಮೊದಲು ಕೈಗೆ ಚಿಪ್ಪು ಸಿಗುತ್ತಿತ್ತು, ಈಗ ಚಿಪ್ಪಿಗಿಂತ ಮೊದಲು ಕವರು. ಕವರು ಹಾಸಿ ಬಿದ್ದ ಜಾಗದಲ್ಲಿ ಕೆಳಗೆ ಕೆಸರು ಕಪ್ಪಾಗಿ ನಾರುತ್ತದೆ, ಬಳಚು ಸತ್ತು ಬಾಯಿ ಬಿಟ್ಟಿರುತ್ತದೆ. ಬಳಚು ಅಂದರೆ ನೀರು ಒಳಗೆ ಎಳೆದು ಸೋಸಿ ತಿನ್ನುವ ಜೀವ. ನೀರಲ್ಲಿ ಪ್ಲಾಸ್ಟಿಕ್ ಪುಡಿ ಇದ್ದರೆ ಅದೂ ಒಳಗೆ ಹೋಗುತ್ತದೆ, ಆಮೇಲೆ ನಮ್ಮ ಸಾರಿಗೆ. ನಮ್ಮ ಅಳಿವೆಗೆ ರಾಮ್‌ಸಾರ್ ಪಟ್ಟಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ, ಬಂತು, 4801 ಹೆಕ್ಟೇರ್ ಅಂತ ಪೇಪರಲ್ಲಿ ಓದಿದೆವು, 2024ರಲ್ಲಿ. ಬೋರ್ಡು ಚೆನ್ನಾಗಿದೆ.

ಗಜನಿ ಬದಿ, ಕುಮಟಾ (ಜೂನ್ 19)

ಎರಡು ತಿಂಗಳು ಆಯಿತು, ವರದಿ ಕೊಡದೆ ಇದ್ದರೆ ಬೈಯುತ್ತೀರಿ.

ಬೈತಖೋಲ್ ಅಣ್ಣನ ಬಲೆ ಬಂತು. ಮೇ ಕೊನೆಯಲ್ಲಿ ಆರು ಜನ ಸೇರಿ ಕಟ್ಟಿದೆವು, ಹಿರಿಯರು ಹೇಳಿದ ಹಾಗೆ ಓರೆಯಾಗಿ, ಒಂದು ಅಡಿ. ತೇಲಲಿಕ್ಕೆ ಎಣ್ಣೆ ಕ್ಯಾನು. ಮೊದಲ ಜೋರು ಮಳೆ ರಾತ್ರಿ ಎರಡಕ್ಕೆ ಶುರು. ಓಡಿ ಹೋದೆ. ಒಂದೂವರೆ ಗಂಟೆಯಲ್ಲಿ ಬಲೆ ತುಂಬಿತು. ಏನು ತುಂಬಿತು? ತರಗೆಲೆ! ಮಾವು, ಹಲಸು, ಅಕೇಶಿಯಾ. ಬಲೆ ಹೋಗಿ ಗೋಡೆ ಆಯಿತು, ಹಗ್ಗ ಬಿಗಿದು ಗುಂಯ್ ಅನ್ನುತ್ತಿತ್ತು. ದೋಟಿಯಲ್ಲಿ ಎಳೆದು ಎಳೆದು ಕೈ ಬಿದ್ದುಹೋಯಿತು. ಬೆಳಗಿನ ಜಾವ ಕೆಳಗಿನ ಗಂಟು ಬಿಚ್ಚಿತು. ಬಲೆ ದಡಕ್ಕೆ ಅಂಟಿ ನಿಂತಿತ್ತು, ಹರಿಯಲಿಲ್ಲ. ಹಿರಿಯರಿಗೆ ನಮಸ್ಕಾರ.

ಮತ್ತೆ ಕಟ್ಟಿದೆವು. ನಾಲ್ಕು ದಿನದಲ್ಲಿ ಹನ್ನೊಂದು ಚೀಲ ಎತ್ತಿದೆವು, ಎಲೆ ಬೇರೆ ಮಾಡಿದರೆ ಪ್ಲಾಸ್ಟಿಕ್ ಮೂರು ಚೀಲ. ಎಲೆ ತೆಂಗಿನ ಬುಡಕ್ಕೆ ಹೋಯಿತು. ಹತ್ತು ಹನ್ನೆರಡು ದಿನ ಆದ ಮೇಲೆ ಬಲೆಗೆ ಹೆಚ್ಚು ಬೀಳುತ್ತಲೇ ಇಲ್ಲ. ಬೇಸಿಗೆಯಿಡೀ ದಂಡೆಯಲ್ಲಿ ಕೂತದ್ದು ಮೊದಲ ಮೂರು ನಾಲ್ಕು ಮಳೆಗೆ ಒಟ್ಟಿಗೇ ಬರುವುದು. ಹಾಗಾಗಿ ನನಗೆ ಅನ್ನಿಸಿದ್ದು, ಮಳೆಗಾಲ ಪೂರ್ತಿ ಬಲೆ ಬೇಡ. ಆ ಎರಡು ವಾರ ನಿದ್ದೆ ಕೆಟ್ಟರೆ ಸಾಕು.

ಒಂದು ಚೀಲ ಸುರಿದು ಎಣಿಸಿದೆ. ಅರ್ಧಕ್ಕಿಂತ ಜಾಸ್ತಿ ಸರಾಯಿಯ ಟೆಟ್ರಾ ಪ್ಯಾಕು, ಸಣ್ಣದು. ಹಳ್ಳಗುಂಟ ಮೇಲೆ ನಡೆದು ಹೋದರೆ ರಸ್ತೆ ಮೋರಿಯ ಹತ್ತಿರ ಬಂತು. ಸಂಜೆ ಬೈಕ್ ನಿಲ್ಲಿಸಿ ಮೋರಿ ಕಟ್ಟೆ ಮೇಲೆ ಕೂತು ಕುಡಿದು ಕೆಳಗೆ ಬಿಡುವುದು. ಮನೆ ಕಸದ ಗಂಟೂ ಅಲ್ಲಿಂದಲೇ. ಮುಂದಿನ ವರ್ಷ ಮೇ ತಿಂಗಳಲ್ಲಿ ಆ ಮೋರಿಯ ಕೆಳಗೆ ಒಣ ಇರುವಾಗಲೇ ಹೆಕ್ಕುತ್ತೇವೆ. ಒದ್ದೆ ಎಳೆಯುವುದಕ್ಕಿಂತ ಅದು ಹತ್ತು ಪಾಲು ಹಗುರ.

ಕಸದ ಗಾಡಿ ಅಕ್ಕ, ಅಂಕೋಲಾ (ಜೂನ್ 19)

ಆ ಮೂರು ಚೀಲ ಈಗ ಎಲ್ಲಿದೆ?

ಗಜನಿ ಬದಿ, ಕುಮಟಾ (ಜೂನ್ 19)

ಕೊಟ್ಟಿಗೆಯ ಮಾಡಿನ ಕೆಳಗೆ ಅಕ್ಕ. ಸುಳ್ಳು ಹೇಳುವುದಿಲ್ಲ, ನಾರುತ್ತಿದೆ.

ಕಸದ ಗಾಡಿ ಅಕ್ಕ, ಅಂಕೋಲಾ (ಜೂನ್ 20)

ಮಳೆ ನೀರಿಗೆ ಹಿಡಿದು ಜಾಲಾಡಿ, ಹಗ್ಗಕ್ಕೆ ನೇತು ಹಾಕಿ. ಒಣಗಿದ ಮೇಲೆ ಬೇರೆ ಮಾಡಿ. ಬಾಟಲಿ, ಹಾಲಿನ ಪ್ಯಾಕೆಟ್, ಗಟ್ಟಿ ಡಬ್ಬ ಗುಜರಿಗೆ ಹೋಗುತ್ತದೆ. ಚಿಪ್ಸ್ ಪ್ಯಾಕೆಟ್ ಯಾರೂ ಕೊಳ್ಳುವುದಿಲ್ಲ, ಅದು ಒಟ್ಟಾದ ಮೇಲೆ ಸಿಮೆಂಟ್ ಫ್ಯಾಕ್ಟರಿಯ ಗೂಡಿಗೆ. ಟೆಟ್ರಾದಲ್ಲಿ ಕಾಗದವೇ ಜಾಸ್ತಿ, ಆದರೆ ಜೊತೆಗೆ ಪ್ಲಾಸ್ಟಿಕ್ಕೂ ಅಲ್ಯೂಮಿನಿಯಂ ಹಾಳೆಯೂ ಅಂಟಿರುವುದರಿಂದ ನಮ್ಮ ಕಡೆ ಗುಜರಿಯವರು ಬೇಡ ಅನ್ನುತ್ತಾರೆ. ನಿಮ್ಮ ಪಂಚಾಯ್ತಿ ಗಾಡಿಯವರಿಗೆ ಮೊದಲೇ ಫೋನ್ ಮಾಡಿ ಒಣಗಿಸಿದ್ದು ಅಂತ ಹೇಳಿ. ಒಣಗಿಸಿದ್ದು ಅಂದರೆ ಬಾಗಿಲು ತೆಗೆಯುತ್ತದೆ.

ತೋಟದ ತುದಿ, ಶಿರಸಿ (ಡಿಸೆಂಬರ್ 7)

ಹಳೇ ಚರ್ಚೆ ಎಬ್ಬಿಸುತ್ತಿದ್ದೇನೆ. ಕೊನೆ ಕೊಯ್ಲು ನಡೆದಿದೆ. ಈ ಸಲ ಕೊನೆಗೌಡನ ಹತ್ತಿರ ಮೊದಲೇ ಮಾತಾಡಿದೆ. ಇಳಿಸಿದ ಕೊಟ್ಟೆಗೆ ಲೆಕ್ಕ, ಎರಡಕ್ಕೆ ಒಂದು ರೂಪಾಯಿ. ಅವನು ನಕ್ಕು, ಹೆಗಡೇರೆ, ಅಡಿಕೆ ರೇಟು ಇಳಿಯಿತಾ, ಪ್ಲಾಸ್ಟಿಕ್ ವ್ಯಾಪಾರ ಶುರು ಮಾಡಿದಿರಾ ಅಂದ. ಆದರೆ ಸೊಂಟಕ್ಕೆ ಚೀಲ ಕಟ್ಟಿಕೊಂಡು ಹತ್ತಿದ. ಸಾವಿರದ ಆರುನೂರರಲ್ಲಿ ಸಾವಿರದ ನೂರು ಲೆಕ್ಕಕ್ಕೆ ಸಿಕ್ಕಿತು. ಅದರಲ್ಲಿ ದಪ್ಪನೆಯವು ಇನ್ನೊಂದು ವರ್ಷಕ್ಕೆ ಬರುತ್ತವೆ, ತೊಳೆದು ಅಂಗಳದಲ್ಲಿ ಅಡಿಕೆ ಪಕ್ಕದಲ್ಲೇ ಒಣ ಹಾಕಿದ್ದೇನೆ. ಮನೆಯವಳು ದಿನಾ ಬೈಯುತ್ತಾಳೆ. ಉಳಿದ ಐನೂರು ಎಲ್ಲಿ ಹೋಯಿತೋ, ನಿಮ್ಮ ಗೇಟಿಗೆ ಬಂದರೆ ತಿಳಿಸಿ.

ಗಜನಿ ಬದಿ, ಕುಮಟಾ (ಡಿಸೆಂಬರ್ 7)

ಗೇಟು ಈ ವರ್ಷವೂ ಎರಡು ಸಲ ಸಿಕ್ಕಿಕೊಂಡಿತು, ಆದರೆ ಕೈ ಹಾಕಿದ ಕೂಡಲೇ ಬಿಟ್ಟಿತು. ಒಂದು ಸಲ ಸಿಕ್ಕಿದ್ದು ಬರೀ ಸೋಗೆ. ಕಗ್ಗ ಕೊಯ್ದು ಆಯಿತು, ಕೆಳಗಿನ ಮೂರು ಗದ್ದೆಯದೂ. ಕುಚ್ಚಲಕ್ಕಿ ಮಾಡಿಸಿದ್ದೇನೆ, ನಿಮ್ಮ ಪಾಲು ತೆಗೆದಿಟ್ಟಿದ್ದೇನೆ. ಶನಿವಾರ ಕೆಳಗೆ ಇಳಿಯುವುದಿದ್ದರೆ ಬನ್ನಿ. ಎಣ್ಣೆ ಕ್ಯಾನು ಎಲ್ಲ ಒಡೆದು ಹೋಗಿದೆ, ತೇಲಲಿಕ್ಕೆ ಖಾಲಿ ಡ್ರಮ್ಮು ನಾಲ್ಕು ಬೇಕಿತ್ತು.

ತೋಟದ ತುದಿ, ಶಿರಸಿ (ಡಿಸೆಂಬರ್ 7)

ಬೋರ್ಡೋ ಕಲಸುವ ಹಳೇ ಡ್ರಮ್ಮು ಇದೆ, ನೀಲಿಯದು. ತೊಳೆದು ತರುತ್ತೇನೆ. ಎರಡಕ್ಕೆ ಮುಚ್ಚಳ ಇಲ್ಲ, ಆಗಬಹುದಾ?

ಹಳ್ಳದ ಹಿರಿಯ, ಸಿದ್ದಾಪುರ (ಡಿಸೆಂಬರ್ 8)

ಮುಚ್ಚಳ ಇರುವ ಎರಡೇ ತಗೊಂಡು ಹೋಗು. ಉಳಿದೆರಡು ನಾನು ಕೊಡುತ್ತೇನೆ, ಬರುವಾಗ ನಮ್ಮ ಮನೆ ಹಾಯ್ದು ಹೋಗು.